ಉಸಿರಿನಲ್ಲಿ ರೋಗದ ವಾಸನೆ



ಶುಗರ್ ಕಾಯಿಲೆ ಎಂದರೆ ಗಡಿಯ ಆಚೆಯವರಿಗೂ ಈಚೆಯವರಿಗೂ ತಿಳಿಯುತ್ತದೆ, ಭಾಷಾಂತರ ಬೇಡ. ಆ ಕಾಯಿಲೆ ಉಲ್ಬಣಿಸಿದಾಗ ಅದಕ್ಕೆ ಒಂದು ವಾಸನೆಯೂ ಉಂಟು. ಶರೀರದಲ್ಲಿ ಇನ್ಸುಲಿನ್ ತೀರಾ ಕಡಿಮೆಯಾದಾಗ ಸಕ್ಕರೆಯ ಬದಲು ಕೊಬ್ಬು ಕರಗಿ ಉರಿಯುತ್ತದೆ. ಆಗ ಹುಟ್ಟುವ ಅಸಿಟೋನ್ ಎಂಬ ವಸ್ತು ಉಸಿರಿನೊಡನೆ ಹೊರಬರುತ್ತದೆ. ಅದು ಅತಿಯಾಗಿ ಕಳಿತ ಹಣ್ಣಿನಂಥ ಸಿಹಿ ವಾಸನೆ. ಮಕ್ಕಳ ಬಾಯಲ್ಲಿ ಈ ವಾಸನೆಯ ಜೊತೆಗೆ ವಾಂತಿ, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೊರಡಿ.

ಹಿಂದಿನ ವೈದ್ಯರಿಗೆ ಮೂಗೇ ಯಂತ್ರವಾಗಿತ್ತು. 1857ರಲ್ಲಿ ಪೆಟರ್ಸ್ ಎಂಬವರು ಮಧುಮೇಹಿಯ ಮೂತ್ರದಲ್ಲಿ ಅಸಿಟೋನನ್ನು ಗುರುತಿಸಿದರು. ವಾಸನೆಗೆ ಹೆಸರು ಸಿಕ್ಕಿತು, ಔಷಧ ಸಿಕ್ಕಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕ ಮಲಗಿದ್ದ. ತೂಕ ಮೂವತ್ತು ಕಿಲೋ ಕೂಡ ಇರಲಿಲ್ಲ, ಉಸಿರಿನಲ್ಲಿ ಅದೇ ಅಸಿಟೋನ್ ವಾಸನೆ. ಜನವರಿ 11ರಂದು ಕೊಟ್ಟ ಮೊದಲ ಇನ್ಸುಲಿನ್ ಶುದ್ಧವಿರಲಿಲ್ಲ, ಹೆಚ್ಚು ಫಲ ಕೊಡಲಿಲ್ಲ. 23ರಂದು ಶುದ್ಧೀಕರಿಸಿದ್ದನ್ನು ಕೊಡತೊಡಗಿದಾಗ ಸಕ್ಕರೆ ಇಳಿಯಿತು. ಹುಡುಗ ಮತ್ತೆ 13 ವರ್ಷ ಬದುಕಿದ.

ಇನ್ನು ಯಂತ್ರದ ಕಥೆ. 1971ರಲ್ಲಿ ಅಮೆರಿಕದ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ಮನುಷ್ಯನ ಉಸಿರನ್ನು ತಣ್ಣನೆಯ ಕೊಳವೆಯಲ್ಲಿ ಹಿಡಿದು ಪರೀಕ್ಷಿಸಿ, ಅದರಲ್ಲಿ ಸುಮಾರು 250 ವಸ್ತುಗಳಿವೆ ಎಂದು ತೋರಿಸಿದರು. ಆದರೆ ಅದು ಪ್ರಯೋಗಶಾಲೆಯ ಕೆಲಸ. ಕೈಗೆಟಕುವ ಸಣ್ಣ ಸೆನ್ಸರ್ ಬಂದದ್ದು ಆಸ್ಪತ್ರೆಯಿಂದಲ್ಲ, ಅಡುಗೆಮನೆಯ ಭಯದಿಂದ. ಜಪಾನಿನಲ್ಲಿ ಗ್ಯಾಸ್ ಸೋರಿ ಮನೆಗಳು ಸಿಡಿಯುತ್ತಿದ್ದ ಕಾಲದಲ್ಲಿ, 1962ರಲ್ಲಿ, ನವೊಯೊಶಿ ತಾಗುಚಿ ಎಂಬವರು ತವರದ ಆಕ್ಸೈಡಿನಿಂದ ಸೆನ್ಸರ್ ಮಾಡಿದರು. (ನಮ್ಮ ಸಿಲಿಂಡರಿನ ಗ್ಯಾಸಿಗೆ ಆ ಕೆಟ್ಟ ನಾತವನ್ನು ಬೇಕೆಂದೇ ಬೆರೆಸುತ್ತಾರೆ, ಸೋರಿಕೆ ಮೂಗಿಗೆ ತಿಳಿಯಲಿ ಎಂದು.)

ಅದು ಹೇಗೆ ಕೆಲಸ ಮಾಡುತ್ತದೆ ಎಂದರೆ, ಬಿಸಿ ಮಾಡಿದ ತವರದ ಆಕ್ಸೈಡಿನ ಮೇಲೆ ಗಾಳಿಯ ಆಮ್ಲಜನಕ ಅಂಟಿಕೊಂಡು ಅದರ ಎಲೆಕ್ಟ್ರಾನುಗಳನ್ನು ಹಿಡಿದಿಡುತ್ತದೆ. ಆಗ ಕರೆಂಟು ಸುಲಭವಾಗಿ ಹರಿಯದು. ಉರಿಯುವ ಗುಣದ ಅನಿಲ ಬಂದು ಆ ಆಮ್ಲಜನಕವನ್ನು ತೆಗೆದೊಯ್ದರೆ ಕರೆಂಟು ಹೆಚ್ಚು ಹರಿಯುತ್ತದೆ. ಅಸಿಟೋನ್ ಕೂಡ ಉರಿಯುವ ವಸ್ತುವೇ, ಹಾಗಾಗಿ ಅದನ್ನೂ ಹಿಡಿಯುತ್ತದೆ.

ತೊಡಕು ಇಲ್ಲಿಯೇ ಇದೆ. ಆರೋಗ್ಯವಂತರ ಉಸಿರಿನಲ್ಲಿ ಅಸಿಟೋನ್ ಹತ್ತು ಲಕ್ಷಕ್ಕೆ ಒಂದು ಪಾಲಿನ ಆಸುಪಾಸು. ಬ್ಯಾಂಕಿನ ಗುಮಾಸ್ತನಾಗಿದ್ದವನ ಲೆಕ್ಕದಲ್ಲಿ, ಹತ್ತು ಲಕ್ಷದ ಗಂಟಿನಲ್ಲಿ ಒಂದು ರೂಪಾಯಿ. ಆ ಒಂದು ರೂಪಾಯಿ ಏರಿತೋ ಇಳಿಯಿತೋ ಹೇಳಬೇಕು. ಸೆನ್ಸರ್ ಮದ್ಯಕ್ಕೂ ಅಡುಗೆ ಅನಿಲಕ್ಕೂ ಅಸಿಟೋನಿಗೂ ಒಂದೇ ರೀತಿ ತಲೆಯಾಡಿಸುತ್ತದೆ. ಉಸಿರಿನ ತೇವ ಬೇರೆ ಅಡ್ಡಿ. 1982ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದ ಕೃಷ್ಣ ಪರ್ಸಾಡ್ ಮತ್ತು ಜಾರ್ಜ್ ಡಾಡ್ ಇದಕ್ಕೊಂದು ಉಪಾಯ ತೋರಿಸಿದರು: ಬೇರೆ ಬೇರೆ ಸೆನ್ಸರುಗಳನ್ನು ಒಟ್ಟಿಗೆ ಇಟ್ಟು, ಎಲ್ಲದರ ಉತ್ತರವನ್ನು ಕೂಡಿಸಿ ವಾಸನೆಯನ್ನು ಗುರುತಿಸುವುದು. ಮೂಗೂ ಹಾಗೆಯೇ ಮಾಡುತ್ತದೆ.

ನಿಜವಾಗಿ ಗೆದ್ದದ್ದು ಅಸ್ತಮಾದ ಪರೀಕ್ಷೆ. ಉಸಿರಿನಲ್ಲಿ ನೈಟ್ರಿಕ್ ಆಕ್ಸೈಡ್ ಇದೆ ಎಂದು ಸ್ವೀಡನ್ನಿನವರು 1991ರಲ್ಲಿ ತೋರಿಸಿದರು. ಅಸ್ತಮಾ ಇರುವವರಲ್ಲಿ ಅದು ಹೆಚ್ಚೆಂದು 1993ರಲ್ಲಿ ಕಂಡಿತು. 2003ರಲ್ಲಿ ಅಮೆರಿಕ ಈ ಪರೀಕ್ಷೆಯ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಮುಂದೆ ಕೈಯಲ್ಲಿ ಹಿಡಿಯುವಂಥ ಸೆನ್ಸರ್ ಯಂತ್ರವೂ ಬಂತು. ದೊಡ್ಡವರಲ್ಲಿ ನೂರು ಕೋಟಿಗೆ 25 ಪಾಲಿಗಿಂತ ಕಡಿಮೆಯಿದ್ದರೆ ಚಿಂತೆ ಕಡಿಮೆ. 50 ದಾಟಿದರೆ ಶ್ವಾಸನಾಳ ಊದಿಕೊಂಡಿರುವ ಸಂಭವ ಹೆಚ್ಚು.

ಅಸಿಟೋನ್ ಊದಿ ನೋಡುವ ಚಿಕ್ಕ ಮೀಟರುಗಳೂ ಮಾರಾಟಕ್ಕಿವೆ. ಅವು ಹೇಳುವುದು ಕೊಬ್ಬು ಉರಿಯುತ್ತಿರುವುದನ್ನು, ರಕ್ತದ ಸಕ್ಕರೆಯನ್ನಲ್ಲ. ಏಕಾದಶಿಯ ಉಪವಾಸವಿರಲಿ, ರಂಜಾನಿನದಿರಲಿ, ಯಾವ ಕಾಯಿಲೆಯೂ ಇಲ್ಲದವರ ಉಸಿರಿನಲ್ಲಿಯೂ ಆ ಹೊತ್ತಿಗೆ ಅಸಿಟೋನ್ ಏರುತ್ತದೆ. ಇನ್ಸುಲಿನ್ ಎಷ್ಟು ಚುಚ್ಚಿಕೊಳ್ಳಬೇಕೆಂದು ಊದಿ ನೋಡಿ ತೀರ್ಮಾನಿಸುವಂತಿಲ್ಲ. ಯಾರಾದರೂ ಹಾಗೆಂದು ಮಾರಲು ಬಂದರೆ ಬೇಡವೆನ್ನಿ.