ಮುಲುಂಡ್‌ನ ಬಾಲ್ಕನಿ ತೋಟ: ಗಿಡವನ್ನೂ ಹುಳುವನ್ನೂ ಅರಿಯುವ ಬಗೆ

ಮುಂಬಯಿಯ ಈಶಾನ್ಯ ಅಂಚಿನಲ್ಲಿರುವ ಮುಲುಂಡ್‌ಗೆ ನಿಸರ್ಗದ ದೃಷ್ಟಿಯಿಂದ ಒಂದು ವೈಶಿಷ್ಟ್ಯವಿದೆ. ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳು. ಪೂರ್ವಕ್ಕೆ ಉಪ್ಪಿನಾಗರಗಳು ಹಾಗೂ ಥಾಣೆ ಖಾಡಿಯ ಕಾಂಡ್ಲಾ ಕಾಡು. ಇವೆರಡರ ನಡುವೆ ರೈಲುಹಳಿಯೂ ಕಟ್ಟಡಗಳ ಸಾಲೂ ಇವೆ. ಆದುದರಿಂದಲೇ ಇಲ್ಲಿ ಮೂರನೆಯ ಮಹಡಿಯ ಕುಂಡವೊಂದಕ್ಕೂ ಚಿಟ್ಟೆ, ದುಂಬಿ, ಜೇನುಹುಳುಗಳು ತಾವಾಗಿಯೇ ಬರುತ್ತವೆ. ಜೂನ್ ಮಧ್ಯದಲ್ಲಿ ಶಾಲೆಗಳು ತೆರೆಯುವ ಹೊತ್ತಿಗೆ ಮುಂಗಾರು ಮಳೆಯೂ ಆರಂಭವಾಗುವುದರಿಂದ, ಬೀಜ ಬಿತ್ತಲು ಹೊರಡುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಆದರೆ ಎಲೆಯಲ್ಲಿ ಒಂದು ತೂತು ಕಂಡೊಡನೆ ಔಷಧ ಸಿಂಪಡಿಸುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೇರೂರಿದೆ. ಯಾವ ಹುಳು, ಅದರ ಯಾವ ಅವಸ್ಥೆಯಲ್ಲಿ, ಗಿಡಕ್ಕೆ ಏನು ಮಾಡುತ್ತಿದೆ ಎಂಬುದನ್ನು ತಿಳಿಯದೆ ಸಿಂಪಡಿಸಿದರೆ ಮಿತ್ರನೇ ಮೊದಲು ಸಾಯುವ ಸಂಭವ ಹೆಚ್ಚು.

ಮೊದಲು ಗಿಡದ ವಿಚಾರ. ಬೇರು ನೀರನ್ನು ಹೀರುತ್ತದೆ ಎಂಬುದನ್ನು ಎಲ್ಲರೂ ಬಲ್ಲರು; ಬೇರು ಉಸಿರಾಡುತ್ತದೆ ಎಂಬುದನ್ನು ಮರೆಯುತ್ತೇವೆ. ಮಣ್ಣಿನ ಕಣಗಳ ನಡುವಣ ಗಾಳಿಯಿಂದಲೇ ಅದಕ್ಕೆ ಆಮ್ಲಜನಕ ದೊರೆಯಬೇಕು. ಜುಲೈ ತಿಂಗಳ ಜಡಿಮಳೆಯಲ್ಲಿ ಕುಂಡದ ತಳದ ರಂಧ್ರ ಮುಚ್ಚಿಹೋದರೆ ಆ ಜಾಗವನ್ನು ನೀರು ತುಂಬಿಕೊಳ್ಳುತ್ತದೆ, ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದ ಕಾರಣ, ನೀರಿನಲ್ಲಿ ನಿಂತ ಗಿಡವೇ ಬಾಯಾರಿದಂತೆ ಬಾಡುತ್ತದೆ. ಅದನ್ನು ಕಂಡು ಮಕ್ಕಳು ಮತ್ತಷ್ಟು ನೀರು ಹಾಕುತ್ತಾರೆ! ಮಳೆಗಾಲದಲ್ಲಿ ಮುಂಬಯಿಯ ಕುಂಡದ ಗಿಡಗಳು ಸಾಯುವುದು ಹೆಚ್ಚಾಗಿ ಹೀಗೆಯೇ.

ಎಲೆಯ ಕೆಲಸ ಅಡುಗೆ. ಸೂರ್ಯನ ಬೆಳಕು, ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಬೇರಿನಿಂದ ಬಂದ ನೀರು ಇವುಗಳಿಂದ ಪತ್ರಹರಿತ್ತು ಸಕ್ಕರೆಯನ್ನು ತಯಾರಿಸುತ್ತದೆ. ನೀರು ಮೇಲೇರುವ ನಾಳ ಕ್ಸೈಲಮ್. ಸಕ್ಕರೆ ಸಾಗುವ ನಾಳ ಫ್ಲೋಯಮ್. ಈ ಎರಡನೆಯ ಹೆಸರನ್ನು ನೆನಪಿಡಿ, ಕೀಟಗಳ ಕಥೆಯಲ್ಲಿ ಅದು ಮತ್ತೆ ಬರುತ್ತದೆ. ಬಿಸಿಲು ಬೀಳದ ಬಾಲ್ಕನಿಯಲ್ಲಿ ಬೆಂಡೆ, ಟೊಮೆಟೊ ಕಾಯಿ ಕೊಡುವುದು ಕಷ್ಟ. ಅಂಥಲ್ಲಿ ಬಸಳೆ ವಾಸಿ. ಊರಿನಿಂದ ಕೊಂಕಣ ರೈಲಿನಲ್ಲಿ ಒದ್ದೆ ಬಟ್ಟೆ ಸುತ್ತಿ ತಂದ ಬಸಳೆಯ ತುಂಡೊಂದು ಇಲ್ಲಿ ಚಿಗುರುವುದಕ್ಕೂ ಕಾರಣವಿದೆ. ಕಾಂಡದ ಗೆಣ್ಣಿನಲ್ಲಿರುವ ಜೀವಕೋಶಗಳು ಮತ್ತೆ ವಿಭಜನೆಗೊಂಡು ಬೇರನ್ನೂ ಚಿಗುರನ್ನೂ ಹೊರಡಿಸಬಲ್ಲವು. ಮಣ್ಣಿನೊಳಗೆ ಒಂದೆರಡು ಗೆಣ್ಣುಗಳಾದರೂ ಹೋಗಲೇಬೇಕು.

ಹೂವಿನ ವಿಷಯದಲ್ಲಿ ವಿದ್ಯಾರ್ಥಿಗಳ ದೊಡ್ಡ ದೂರು ಹೀರೆಯ ಬಳ್ಳಿಯದು: ಹೂ ಬಹಳ, ಕಾಯಿ ಇಲ್ಲ. ಹೀರೆ, ಕುಂಬಳ, ಹಾಗಲಗಳಲ್ಲಿ ಸಾಮಾನ್ಯವಾಗಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಮೊದಲು ಬರುವುವು ಹೆಚ್ಚಾಗಿ ಗಂಡು ಹೂಗಳು. ಹೆಣ್ಣು ಹೂವಿನ ಎಸಳುಗಳ ಕೆಳಗೆ ಕಡ್ಡಿಯಷ್ಟು ಸಣ್ಣ ಕಾಯಿಯೇ ಕಾಣುತ್ತದೆ, ಗುರುತು ಸುಲಭ. ಹೆಣ್ಣು ಹೂ ಬಂದ ಮೇಲೂ ಕಾಯಿ ಹಳದಿಯಾಗಿ ಉದುರಿದರೆ ಪರಾಗಸ್ಪರ್ಶವಾಗಿಲ್ಲವೆಂದು ಬಹುಮಟ್ಟಿಗೆ ತಿಳಿಯಬಹುದು. ಕುಂಬಳದ ಹೂ ನಸುಕಿನಲ್ಲೇ ಅರಳಿದರೆ, ನಾವು ಪಲ್ಯ ಮಾಡುವ ಏಣುಗಳುಳ್ಳ ಹೀರೆಯ ಹೂ ಅರಳುವುದು ಸಂಜೆ. ಅದನ್ನು ಹುಡುಕಿ ಬರುವವು ಇರುಳಿನ ಪತಂಗಗಳು. ಎತ್ತರದ ಕಟ್ಟಡದಲ್ಲಿ ಅವು ಬಾರದಿದ್ದರೆ ಆ ಕೆಲಸವನ್ನು ವಿದ್ಯಾರ್ಥಿಯೇ ಮಾಡಬಹುದು. ಸಂಜೆ ಆಗತಾನೆ ಅರಳಿದ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಅದರ ಪರಾಗವನ್ನು ಹೆಣ್ಣು ಹೂವಿನ ಶಲಾಕಾಗ್ರಕ್ಕೆ ಮೃದುವಾಗಿ ಸವರಿದರೆ ಸಾಕು. ಮರುದಿನ ಬೆಳಿಗ್ಗೆ ಶಾಲೆಗೆ ಹೋಗುವ ಮುನ್ನ ಮಾಡೋಣವೆಂದರೆ ತಡವಾಗುತ್ತದೆ.

ಇನ್ನು ಕೀಟಗಳು. ಆರು ಕಾಲು, ತಲೆ-ಎದೆ-ಹೊಟ್ಟೆ ಎಂಬ ಮೂರು ಭಾಗಗಳ ದೇಹ, ಒಂದು ಜೊತೆ ಮೀಸೆ, ಇವು ಕೀಟದ ಲಕ್ಷಣ. ಎಂಟು ಕಾಲಿನ ಜೇಡ ಕೀಟವಲ್ಲ. ಬೇಸಿಗೆಯಲ್ಲಿ ಎಲೆಯಡಿಯಲ್ಲಿ ಬಲೆ ನೇಯುವ ಕೆಂಪು ನುಸಿಯೂ ಅಲ್ಲ. ಮಿಡತೆ, ತಿಗಣೆಗಳ ಮರಿಗಳು ಸಣ್ಣ ಪ್ರಮಾಣದಲ್ಲಿ ತಾಯಿಯನ್ನೇ ಹೋಲುತ್ತವೆ. ಚಿಟ್ಟೆ, ದುಂಬಿ, ಸೊಳ್ಳೆಗಳದು ಹಾಗಲ್ಲ. ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂಬ ನಾಲ್ಕು ಅವಸ್ಥೆಗಳಲ್ಲಿ ಒಂದು ಇನ್ನೊಂದರ ಗುರುತು ಹೇಳುವುದಿಲ್ಲ. ತಪ್ಪು ತಿಳಿವಳಿಕೆಗೆ ಇದೇ ಮೂಲ.

ನಮ್ಮವರ ಮನೆಯ ಕರಿಬೇವನ್ನೇ ನೋಡಿ. ಅದರ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂದು-ಬಿಳಿ ಬಣ್ಣದ ಪುಟ್ಟ ವಸ್ತುವೊಂದು ಕಂಡರೆ ಒರೆಸಿಹಾಕುವ ಮುನ್ನ ಬಾಗಿ ನೋಡಬೇಕು. ಅದು ಕಾಮನ್ ಮಾರ್ಮನ್ ಅಥವಾ ನಿಂಬೆ ಚಿಟ್ಟೆಯ ಎಳೆಯ ಮರಿಹುಳು ಆಗಿರಬಹುದು. ಹಕ್ಕಿಗಳ ಕಣ್ಣು ತಪ್ಪಿಸಲು ಈ ವೇಷ. ಹುಳು ಐದು ಹಂತಗಳಲ್ಲಿ ಬೆಳೆಯುತ್ತ ನಡುನಡುವೆ ಚರ್ಮ ಕಳಚುತ್ತದೆ. ಕೊನೆಯ ಹಂತದಲ್ಲಿ ಎಲೆಯದೇ ಹಸಿರು ತಾಳುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಅಂಗವೊಂದನ್ನು ಹೊರಚಾಚಿ ಘಾಟು ವಾಸನೆ ಬೀರುತ್ತದೆ, ಕಚ್ಚುವುದಿಲ್ಲ. ಈ ಎರಡೂ ಚಿಟ್ಟೆಗಳಿಗೆ 1758ರಲ್ಲಿ ಲಿನೇಯಸ್ ವೈಜ್ಞಾನಿಕ ನಾಮಕರಣ ಮಾಡಿದ. ಇದೇ ಕುಲದ ಬ್ಲೂ ಮಾರ್ಮನ್ ಚಿಟ್ಟೆಯನ್ನು ಮಹಾರಾಷ್ಟ್ರ 2015ರಲ್ಲಿ ರಾಜ್ಯಚಿಟ್ಟೆಯೆಂದು ಘೋಷಿಸಿತು; ಅದರ ಮರಿಹುಳುವಿಗೂ ನಿಂಬೆಯ ಕುಟುಂಬದ ಎಲೆಗಳೇ ಆಹಾರ.

ಹಾಗೆಂದು ಗಿಡವನ್ನು ಹುಳುವಿಗೇ ಬಿಟ್ಟುಕೊಡಬೇಕೆಂದಲ್ಲ. ಒಗ್ಗರಣೆಗೆ ಎಲೆ ಬೇಕೆನ್ನುವ ಅಮ್ಮನ ವಾದದಲ್ಲೂ ನ್ಯಾಯವಿದೆ. ಬೇರು ಗಟ್ಟಿಯಾಗಿರುವ ಕರಿಬೇವು ಒಂದೆರಡು ಹುಳು ತಿಂದ ಎಲೆಗಳನ್ನು ಮತ್ತೆ ಚಿಗುರಿಸಿಕೊಳ್ಳುತ್ತದೆ. ಗೇಣುದ್ದದ ಸಸಿಗೆ ಅದು ಸಾಧ್ಯವಿಲ್ಲ. ಸಸಿಯಲ್ಲಿದ್ದರೆ ಹುಳುವನ್ನು ಕೂತ ರೆಂಬೆಯ ಸಮೇತ ದೊಡ್ಡ ಗಿಡಕ್ಕೆ ವರ್ಗಾಯಿಸಬಹುದು. ತುಳಸಿಗೋ ದಾಸವಾಳಕ್ಕೋ ಬಿಟ್ಟರೆ ಅದು ಉಪವಾಸ ಸಾಯುತ್ತದೆ, ಏಕೆಂದರೆ ಅದರ ಆಹಾರ ನಿಂಬೆ-ಕರಿಬೇವಿನ ಕುಟುಂಬಕ್ಕೇ ಮೀಸಲು.

ದಾಸವಾಳದ ಶತ್ರು ಬೇರೆ. ಕುಡಿಗಳಲ್ಲಿ ಹತ್ತಿಯಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆ ಎಲೆಯನ್ನು ಅಗಿಯುವುದಿಲ್ಲ. ಸೂಜಿಯಂತಹ ಬಾಯನ್ನು ಫ್ಲೋಯಮ್ ನಾಳಕ್ಕೆ ಚುಚ್ಚಿ ಸಕ್ಕರೆಯ ರಸ ಹೀರುತ್ತದೆ. ಹೆಚ್ಚಾದ ಸಿಹಿಯನ್ನು ವಿಸರ್ಜಿಸುತ್ತದೆ. ಅದನ್ನು ನೆಕ್ಕಲು ಇರುವೆಗಳು ಬರುತ್ತವೆ, ಪ್ರತಿಯಾಗಿ ತಿಗಣೆಗೆ ಕಾವಲು ಕಾಯುತ್ತವೆ. ಗಿಡಕ್ಕೆ ಇರುವೆಯ ಸಾಲು ಹತ್ತಿದೆಯೆಂದರೆ ಮೇಲೆಲ್ಲೋ ರಸ ಹೀರುವ ಕೀಟವಿರುವುದೆಂದು ಶಂಕಿಸಬೇಕು. ನೀರಿನ ಜೋರಾದ ಧಾರೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಇಲ್ಲಿ ಒಳ್ಳೆಯ ಆಯುಧಗಳು.

ಆದರೆ ಒಂದು ಎಚ್ಚರಿಕೆ. ಹಿಟ್ಟು ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುವೊಂದನ್ನು 1898ರಲ್ಲಿ ಆಸ್ಟ್ರೇಲಿಯದಿಂದ ಭಾರತಕ್ಕೆ ತರಲಾಯಿತು, ಹೆಸರು ಕ್ರಿಪ್ಟೋಲೀಮಸ್. ಅದರ ಮರಿಹುಳುವಿನ ಮೈಮೇಲೂ ಬಿಳಿಯ ಮೇಣದ ಎಳೆಗಳಿರುವುದರಿಂದ ನೋಡಲು ಹಿಟ್ಟು ತಿಗಣೆಯಂತೆಯೇ ಇರುತ್ತದೆ. ಗಾತ್ರದಲ್ಲಿ ದೊಡ್ಡದು, ಎಳೆಗಳು ಉದ್ದ, ಓಡಾಟ ಚುರುಕು. ತಿಗಣೆಗಳ ಗುಂಪಿನಲ್ಲಿ ಲಗುಬಗೆಯಿಂದ ಓಡಾಡುವ ದೊಡ್ಡ ಬಿಳಿ ಹುಳುವನ್ನು ಕೊಂದರೆ ಕಾವಲುಗಾರನನ್ನೇ ಕೊಂದಂತೆ.

ಇಂಥ ಮಿತ್ರಕೀಟಗಳ ಸಾಮರ್ಥ್ಯಕ್ಕೆ ನಮ್ಮ ಕಾಲದಲ್ಲೇ ಒಂದು ನಿದರ್ಶನವಿದೆ. ಪಪ್ಪಾಯಿಯ ಹಿಟ್ಟು ತಿಗಣೆ ಎಂಬ ವಿದೇಶೀ ಕೀಟ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಕರ್ನಾಟಕ, ಮಹಾರಾಷ್ಟ್ರಗಳಿಗೂ ಹರಡಿತು. ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆಯನ್ನೂ ಹಾಳುಮಾಡಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪೋರ್ಟೊರಿಕೊದಿಂದ ಸೂಕ್ಷ್ಮ ಪರೋಪಜೀವಿ ಕಣಜಗಳನ್ನು ತರಿಸಿ, ಸಾಕಿ, ತೋಟಗಳಿಗೆ ಬಿಟ್ಟರು. ಈ ಕಣಜ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ. ಹೊರಬರುವ ಮರಿಗೆ ತಿಗಣೆಯೇ ಆಹಾರ. ಕೀಟನಾಶಕಗಳಿಗೆ ಬಗ್ಗದ ಪಿಡುಗು ಕೆಲವೇ ಕಾಲದಲ್ಲಿ ಹತೋಟಿಗೆ ಬಂದಿತು.

ಕೊನೆಯದಾಗಿ, ಯಾವ ದಾಕ್ಷಿಣ್ಯವನ್ನೂ ತೋರಬೇಕಿಲ್ಲದ ಕೀಟವೊಂದಿದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ಶುದ್ಧ ನೀರಿನಲ್ಲೇ ಸಂತಾನ ಬೆಳೆಸುತ್ತದೆ. ಮೊಟ್ಟೆಯಿಂದ ರೆಕ್ಕೆ ಮೂಡುವವರೆಗೆ ಸುಮಾರು ಏಳರಿಂದ ಹತ್ತು ದಿನ. ಆದುದರಿಂದ ವಾರಕ್ಕೊಮ್ಮೆಯಾದರೂ ತಟ್ಟೆಯ ನೀರು ಚೆಲ್ಲಬೇಕು. ಬರಿದೆ ಚೆಲ್ಲಿದರೆ ಸಾಲದು. ನೀರಿನ ಅಂಚಿಗೆ ಅಂಟಿಸಿದ ಮೊಟ್ಟೆಗಳು ತಿಂಗಳುಗಟ್ಟಲೆ ಒಣಗಿದ್ದರೂ ಮತ್ತೆ ನೀರು ಬಿದ್ದಾಗ ಒಡೆಯಬಲ್ಲವು. ತಟ್ಟೆಯ ಒಳಬದಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ, ಆಮೇಲೆ ಕುಂಡದ ಕೆಳಗಿಡಬೇಕು. ಮಳೆಯ ನಾಲ್ಕು ತಿಂಗಳು ತಟ್ಟೆಯನ್ನು ಪೂರ್ತಿ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಆಗ ಬೇರಿಗೂ ಗಾಳಿ ಸಿಗುತ್ತದೆ.