ಇ, ರೋ, ಹಾ: ಜಪಾನಿನ ಮೊದಲ ಜಲಾಂತರ್ಗಾಮಿಗಳ ಚರಿತ್ರೆ ಮತ್ತು ಅದರ ಪಾಠ

ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದ ಬಗ್ಗೆ ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಿರುತ್ತಾನೆ. ವಿದ್ಯೆ ಕಲಿಯಲೆಂದು ಕಂಚಿಗೆ ಹೋದ ಮಯೂರಶರ್ಮನು ಅಲ್ಲಿ ಅವಮಾನಗೊಂಡು, ಮರಳಿ ಬಂದು ಬನವಾಸಿಯ ಕದಂಬ ರಾಜ್ಯವನ್ನು ಕಟ್ಟಿದ ಕಥೆಯನ್ನು ಆ ಶಾಸನ ಹೇಳುತ್ತದೆ. ಇಂದು ಅದೇ ಕದಂಬರ ಹೆಸರು ಕಾರವಾರದ ಕಡಲ ದಂಡೆಯಲ್ಲಿದೆ. 2005ರ ಮೇ 31ರಂದು ದೇಶಕ್ಕೆ ಸಮರ್ಪಣೆಯಾದ ಅಲ್ಲಿನ ನೌಕಾನೆಲೆಯ ಹೆಸರು ಐ.ಎನ್.ಎಸ್. ಕದಂಬ. ಯುದ್ಧನೌಕೆಗಳ ಜೊತೆಗೆ ಜಲಾಂತರ್ಗಾಮಿಗಳೂ ತಂಗುವ ಸ್ಥಳವದು.

ಸಮುದ್ರವನ್ನೇ ಕಾಣದ ಮಲೆನಾಡಿನ ಅಂಚಿನ ನಮ್ಮ ಮಕ್ಕಳಿಗೆ ಜಲಾಂತರ್ಗಾಮಿ ಎಂದರೆ ಕುತೂಹಲ. "ಸರ್, ಅದು ಮುಳುಗಿದ ಮೇಲೆ ಮತ್ತೆ ಹೇಗೆ ಮೇಲೆ ಬರುತ್ತದೆ?" ಎಂದು ತರಗತಿಯಲ್ಲಿ ಕೇಳುತ್ತಾರೆ. ಈ ಪ್ರಶ್ನೆಯ ಹಿಂದೆ ಇನ್ನೂ ದೊಡ್ಡ ಪ್ರಶ್ನೆಯೊಂದಿದೆ. ತನಗೆ ಗೊತ್ತಿಲ್ಲದ ವಿದ್ಯೆಯನ್ನು ಒಂದು ದೇಶ ಹೇಗೆ ಕಲಿಯುತ್ತದೆ? ಕಲಿತ ಮೇಲೆ ಅದನ್ನು ಏನು ಮಾಡುತ್ತದೆ? ಈ ಎರಡಕ್ಕೂ ಉತ್ತರ ಕೊಡುವ ಚರಿತ್ರೆ ಜಪಾನಿನದು.

ಪೆಟ್ಟಿಗೆಗಳಲ್ಲಿ ಬಂದ ಹಡಗುಗಳು

ಹುಚ್ಚರಾಯನ ಕೆರೆಯಲ್ಲಿ ಖಾಲಿ ಕೊಡವನ್ನು ಬಿಟ್ಟರೆ ತೇಲುತ್ತದೆ, ನೀರು ತುಂಬಿದರೆ ಮುಳುಗುತ್ತದೆ. ಜಲಾಂತರ್ಗಾಮಿಯ ಮೂಲತತ್ತ್ವವೂ ಇಷ್ಟೇ. ಅದರಲ್ಲಿರುವ ತೊಟ್ಟಿಗಳಿಗೆ ಸಮುದ್ರದ ನೀರನ್ನು ಬಿಟ್ಟುಕೊಂಡರೆ ಹಡಗು ಇಳಿಯುತ್ತದೆ. ಒತ್ತಡದಲ್ಲಿ ತುಂಬಿಟ್ಟ ಗಾಳಿಯಿಂದ ಆ ನೀರನ್ನು ಹೊರದೂಡಿದರೆ ಮೇಲೇರುತ್ತದೆ. ಆ ಕಾಲದ ಹಡಗುಗಳು ನೀರಿನ ಮೇಲೆ ಎಂಜಿನ್‌ನಿಂದ ಚಲಿಸುತ್ತಿದ್ದವು. ಎಂಜಿನ್‌ಗೆ ಗಾಳಿ ಬೇಕಾದ್ದರಿಂದ ನೀರಿನ ಒಳಗೆ ಬ್ಯಾಟರಿಯೇ ಗತಿ.

1904ರಲ್ಲಿ ಜಪಾನ್ ರಷ್ಯಾದೊಂದಿಗೆ ಯುದ್ಧಕ್ಕಿಳಿದಾಗ ಅದರ ಬಳಿ ಒಂದೂ ಜಲಾಂತರ್ಗಾಮಿ ಇರಲಿಲ್ಲ. ಅದು ಅಮೆರಿಕದಿಂದ 5 ಹಡಗುಗಳನ್ನು ಕೊಂಡಿತು. ಐರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋಗಿದ್ದ ಶಾಲಾ ಶಿಕ್ಷಕ ಜಾನ್ ಹಾಲೆಂಡ್ ರೂಪಿಸಿದ ಮಾದರಿಯವು. ಶಿಕ್ಷಕರಾದ ನಮಗೆ ಇದು ಹೆಮ್ಮೆಯ ಸಂಗತಿ. ಹಡಗುಗಳನ್ನು ಬಿಡಿಭಾಗಗಳಾಗಿ ಕಳಚಿ, ರೈಲಿನಲ್ಲಿ ಅಮೆರಿಕವನ್ನು ದಾಟಿಸಿ, ಸಮುದ್ರದ ಮೂಲಕ ಯೊಕೊಹಾಮಾಕ್ಕೆ ತರಲಾಯಿತು. ಯೊಕೊಸುಕಾ ಹಡಗುಕಟ್ಟೆಯಲ್ಲಿ ಜೋಡಿಸಿ ಮುಗಿಸುವಷ್ಟರಲ್ಲಿ 1905ರ ಕೊನೆ ಬಂತು, ಯುದ್ಧ ಮುಗಿದಿತ್ತು. ಸುಮಾರು 20 ಮೀಟರ್ ಉದ್ದದ ಆ ಪುಟ್ಟ ಹಡಗುಗಳು ಒಂದು ಗುಂಡನ್ನೂ ಹಾರಿಸಲಿಲ್ಲ. ಆದರೆ ಅವುಗಳನ್ನು ಜೋಡಿಸುವಾಗ ಜಪಾನೀ ಕುಶಲಕರ್ಮಿಗಳು ಒಂದೊಂದು ತಿರುಪನ್ನೂ ಕೈಯಿಂದ ಮುಟ್ಟಿ ಕಲಿತರು. 1906ರಲ್ಲೇ ಕೋಬೆಯ ಕವಾಸಾಕಿ ಕಂಪನಿ ಹಾಲೆಂಡನ ನಕ್ಷೆಗಳ ಆಧಾರದ ಮೇಲೆ 6 ಮತ್ತು 7ನೇ ಸಂಖ್ಯೆಯ ಹಡಗುಗಳನ್ನು ಜಪಾನಿನಲ್ಲೇ ನಿರ್ಮಿಸಿತು.

ಒಂದು ಟಿಪ್ಪಣಿ ಪುಸ್ತಕ

ಆ 6ನೇ ಸಂಖ್ಯೆಯ ಹಡಗೇ ಮುಂದೆ ಲೋಕಪ್ರಸಿದ್ಧವಾಯಿತು. 1910ರ ಏಪ್ರಿಲ್ 15ರಂದು ಹಿರೋಷಿಮಾ ಕೊಲ್ಲಿಯಲ್ಲಿ ಅದು ಅಭ್ಯಾಸಕ್ಕೆ ಇಳಿದಿತ್ತು. ಗಾಳಿಕೊಳವೆಯೊಂದನ್ನು ಮಾತ್ರ ನೀರಿನ ಮೇಲೆ ಚಾಚಿಕೊಂಡು ಪೆಟ್ರೋಲ್ ಎಂಜಿನ್ನಿನಿಂದಲೇ ಚಲಿಸುವ ಪ್ರಯೋಗವದು. ಹಡಗು ಬೇಕಾದುದಕ್ಕಿಂತ ಕೆಳಗಿಳಿದು ಕೊಳವೆಯ ಮೂಲಕ ನೀರು ನುಗ್ಗಿತು. ಕವಾಟ ಮುಚ್ಚುವ ಸರಪಳಿ ಕೈಕೊಟ್ಟಿತು. ಕೈಯಿಂದ ಮುಚ್ಚುವ ಹೊತ್ತಿಗೆ ತಡವಾಗಿತ್ತು. ದೀಪಗಳು ಆರಿದವು, ಒಳಗೆ ವಿಷಗಾಳಿ ತುಂಬತೊಡಗಿತು. ಒಳಗಿದ್ದವರು 14 ಮಂದಿ.

ಅವರ ನಾಯಕ ಲೆಫ್ಟಿನೆಂಟ್ ಸಕುಮಾ ತ್ಸುತೊಮು, ಮೂವತ್ತರ ಪ್ರಾಯದವನು. ಮೇಲಿನ ಪುಟ್ಟ ಗಾಜಿನ ಕಿಂಡಿಯಿಂದ ಬರುತ್ತಿದ್ದ ಮಸುಕು ಬೆಳಕಿನಲ್ಲಿ ಆತ ತನ್ನ ಕಿರುಪುಸ್ತಕದಲ್ಲಿ ಬರೆಯತೊಡಗಿದ. ಹಡಗನ್ನು ಕಳೆದುದಕ್ಕೆ ಕ್ಷಮೆ ಕೇಳಿದ. ತನ್ನ ಜನ ಕೊನೆಯವರೆಗೂ ಕರ್ತವ್ಯ ಮಾಡಿದರೆಂದು ದಾಖಲಿಸಿದ. ಯಾವ ಕ್ರಮದಲ್ಲಿ ಏನೇನು ಕೆಟ್ಟಿತು ಎಂಬುದನ್ನು ವಿವರಿಸಿದ. ಈ ಅಪಘಾತದಿಂದ ಜಲಾಂತರ್ಗಾಮಿಗಳ ಬೆಳವಣಿಗೆಗೆ ಅಡ್ಡಿಯಾಗದಿರಲಿ ಎಂದು ಬೇಡಿದ. ತನ್ನ ಕೈಕೆಳಗಿನವರ ಕುಟುಂಬಗಳು ಬಡತನಕ್ಕೆ ಬೀಳದಂತೆ ನೋಡಿಕೊಳ್ಳಬೇಕೆಂದು ವಿನಂತಿಸಿದ. ಬೆಳಿಗ್ಗೆ ಸುಮಾರು 10 ಗಂಟೆಗೆ ಮುಳುಗಿದ ಹಡಗಿನಲ್ಲಿ ಆತನ ಬರವಣಿಗೆ ಮಧ್ಯಾಹ್ನ 12 ಗಂಟೆ 40 ನಿಮಿಷಕ್ಕೆ ನಿಂತಿತು. ಹಡಗನ್ನು ಮೇಲೆತ್ತಿದಾಗ ಹೆಚ್ಚಿನವರು ತಂತಮ್ಮ ಕೆಲಸದ ಸ್ಥಳದಲ್ಲೇ ಸತ್ತಿದ್ದರು. ಬಾಗಿಲ ಬಳಿ ನೂಕುನುಗ್ಗಲಿನ ಗುರುತೂ ಇರಲಿಲ್ಲ.

ಹಜರತ್ ಯೂನುಸ್ (ಅ) ಅವರು ಮೀನಿನ ಹೊಟ್ಟೆಯ ಕತ್ತಲಲ್ಲಿದ್ದ ವೃತ್ತಾಂತವನ್ನು ಕೇಳಿ ಬೆಳೆದ ನಮಗೆ ಸಮುದ್ರದಾಳದ ಆ ಕತ್ತಲು ಎಂಥದೆಂದು ಊಹಿಸಲು ಕಷ್ಟವಿಲ್ಲ. ಅಂಥ ಹೊತ್ತಿನಲ್ಲೂ ಸಕುಮಾ ತನ್ನ ಮೇಲಿನ ಅಮಾನತ್ತನ್ನು ಮರೆಯಲಿಲ್ಲ. ಹಡಗು ಅಮಾನತ್, ಕೈಕೆಳಗಿನವರ ಹೆಂಡತಿ ಮಕ್ಕಳು ಅಮಾನತ್, ತನಗೆ ತಿಳಿದದ್ದನ್ನು ಮುಂದಿನವರಿಗೆ ಮುಟ್ಟಿಸುವುದೂ ಅಮಾನತ್. ಅವನ ಟಿಪ್ಪಣಿ ಮುಂದಿನ ಪೀಳಿಗೆಯ ನೌಕಾಧಿಕಾರಿಗಳಿಗೆ ಪಾಠವಾಯಿತು.

ಮಧ್ಯಮ ಗಾತ್ರದ ಹಡಗುಗಳು

ಜಪಾನ್ ಒಬ್ಬನೇ ಗುರುವನ್ನು ನಂಬಿ ಕೂರಲಿಲ್ಲ. ಇಂಗ್ಲೆಂಡಿನ ವಿಕರ್ಸ್ ಕಂಪನಿಯಿಂದ ಕೆಲವು ಹಡಗು, ಫ್ರಾನ್ಸಿನ ಶ್ನೈಡರ್ ಕಂಪನಿಯಿಂದ ಕೆಲವು ಹಡಗು ಎಂದು ಕೊಂಡು ಹೋಲಿಸಿ ನೋಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ಕರಾವಳಿ ಕಾಯುವ ಪುಟ್ಟ ಹಡಗುಗಳು ಸಾಲವು, ದೂರ ಸಮುದ್ರಕ್ಕೆ ಹೋಗಬಲ್ಲ ಮಧ್ಯಮ ಗಾತ್ರದವು ಬೇಕು ಎಂಬ ತೀರ್ಮಾನಕ್ಕೆ ಬಂತು. ಆಗ ಮೂರು ದಾರಿಗಳನ್ನು ಒಟ್ಟಿಗೇ ಹಿಡಿಯಿತು.

ಕೋಬೆಯ ಕವಾಸಾಕಿ ಕಂಪನಿ ಇಟಲಿಯ ಫಿಯೆಟ್‌ನಿಂದ ಪರವಾನಗಿ ಪಡೆದು ಹಡಗು ಕಟ್ಟಿತು. ಅವುಗಳ ಒಡಲು ಪೆಸಿಫಿಕ್ ಸಾಗರದ ಅಲೆಗಳಿಗೆ ಹಗುರವಾಯಿತು, ಎಂಜಿನ್‌ಗಳೂ ತೊಂದರೆ ಕೊಟ್ಟವು. ಅದೇ ಊರಿನ ಮಿತ್ಸುಬಿಷಿ ಕಂಪನಿ ಇಂಗ್ಲೆಂಡಿನ 'ಎಲ್' ಮಾದರಿಯನ್ನು ಪರವಾನಗಿಯಡಿ ಕಟ್ಟಿತು. ಅವು ನಂಬಿಕೆಗೆ ಅರ್ಹವೆನಿಸಿದವು. ಮೂರನೆಯ ದಾರಿಯಲ್ಲಿ ನೌಕಾಪಡೆಯೇ ತನ್ನ ಕುರೆ ಕಾರ್ಖಾನೆಯಲ್ಲಿ ಫ್ರೆಂಚ್ ಮಾದರಿಯನ್ನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿ ಹೊಸ ವಿನ್ಯಾಸ ಮಾಡಿತು. ಅದರ ಹೆಸರು 'ಕೈಚೂ', ಅಂದರೆ 'ನೌಕಾಪಡೆಯ ಮಾದರಿ, ಮಧ್ಯಮ ಗಾತ್ರ' ಎಂಬುದರ ಹ್ರಸ್ವರೂಪ. 1917ರಲ್ಲಿ ಕೆಲಸ ಆರಂಭವಾಗಿ 1919ರಲ್ಲಿ ಮೊದಲ ಎರಡು ಹಡಗುಗಳು ಸಿದ್ಧವಾದವು. ಸುಮಾರು 69 ಮೀಟರ್ ಉದ್ದ, ನೀರಿನ ಮೇಲೆ ಸುಮಾರು 720 ಟನ್ ತೂಕ, ಗಂಟೆಗೆ ಸುಮಾರು 33 ಕಿಲೋಮೀಟರ್ ವೇಗ. ಎಂಜಿನ್ ಮಾತ್ರ ಇನ್ನೂ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಂಪನಿಯ ಮಾದರಿಯದು. ಅಂದರೆ ಬಿಡಿಭಾಗಗಳ ಪೆಟ್ಟಿಗೆ ಬಿಚ್ಚಿದ 14 ವರ್ಷಕ್ಕೆ ಸ್ವಂತ ವಿನ್ಯಾಸ.

1924ರಲ್ಲಿ ಹಡಗುಗಳಿಗೆ ಹೊಸ ಹೆಸರುಗಳು ಬಂದವು. ನಾವು ಉರ್ದುವಿನಲ್ಲಿ ಅಲಿಫ್, ಬೇ, ಪೇ ಎನ್ನುವಂತೆ, ಕನ್ನಡದಲ್ಲಿ ಅ, ಆ, ಇ ಎನ್ನುವಂತೆ ಹಳೆಯ ಜಪಾನೀ ಮಕ್ಕಳು ಇ, ರೋ, ಹಾ ಎಂದು ಅಕ್ಷರ ಕಲಿಯುತ್ತಿದ್ದರು. 1000 ಟನ್‌ಗಿಂತ ದೊಡ್ಡವು 'ಇ', 500ರಿಂದ 1000 ಟನ್ನಿನವು 'ರೋ', ಅದಕ್ಕಿಂತ ಚಿಕ್ಕವು 'ಹಾ' ಆದವು. ಮೊದಲ ಕೈಚೂ ಹಡಗುಗಳು ರೋ-11 ಮತ್ತು ರೋ-12 ಎನಿಸಿದವು. ಇಂಗ್ಲಿಷ್ ಪುಸ್ತಕಗಳನ್ನು ಓದುವವರು 'ಇ' ಅಕ್ಷರವನ್ನು 'ಐ' ಎಂದು ಉಚ್ಚರಿಸುವುದುಂಟು.

ಕಲಿಕೆ ಪುಕ್ಕಟೆಯಾಗಿ ಬರಲಿಲ್ಲ. 1923ರ ಆಗಸ್ಟ್ 21ರಂದು, ಮುಂದೆ ರೋ-31 ಎನಿಸಿದ ಹಡಗು ಪರೀಕ್ಷೆಯ ವೇಳೆ ಮುಳುಗಿ 88 ಜನ ಸತ್ತರು. ಹಡಗುಕಟ್ಟೆಯ ಕೆಲಸಗಾರರೂ ಅವರಲ್ಲಿದ್ದರು. 1924ರ ಮಾರ್ಚ್‌ನಲ್ಲಿ ಇನ್ನೊಂದು ಮಧ್ಯಮ ಹಡಗು ತಮ್ಮದೇ ಯುದ್ಧನೌಕೆ ತತ್ಸುತಾಗೆ ಡಿಕ್ಕಿಯಾಗಿ ಮುಳುಗಿತು. ಎರಡನ್ನೂ ಮೇಲೆತ್ತಿ, ತಪ್ಪೆಲ್ಲಿ ಎಂದು ನೋಡಿ ಮುಂದುವರಿದರು.

ಒಂದೇ ಹಡಗು, ಎರಡು ಕಥೆ

ಇಲ್ಲಿಯವರೆಗಿನದು ಕಲಿಕೆಯ ಕಥೆ. ಕಲಿತ ವಿದ್ಯೆಯನ್ನು ಜಪಾನಿನ ಆಳುವವರು ಏನು ಮಾಡಿದರು ಎಂಬುದು ಭಾರತೀಯರಿಗೂ ತಟ್ಟಿದ ಕಥೆ.

ದೊಡ್ಡ ಗಾತ್ರದ ಇ-29 ಎಂಬ ಹಡಗು ಎರಡನೇ ಮಹಾಯುದ್ಧದಲ್ಲಿ ಹಿಂದೂ ಮಹಾಸಾಗರದಲ್ಲಿತ್ತು. 1943ರ ಏಪ್ರಿಲ್ 28ರಂದು ಮಡಗಾಸ್ಕರ್ ಬಳಿಯ ಪ್ರಕ್ಷುಬ್ಧ ಕಡಲಿನಲ್ಲಿ ಇಬ್ಬರು ಭಾರತೀಯರು ಜರ್ಮನಿಯ ಯು-180 ಜಲಾಂತರ್ಗಾಮಿಯಿಂದ ರಬ್ಬರ್ ದೋಣಿಗಿಳಿದು ಇ-29ನ್ನು ಹತ್ತಿದರು. ಒಬ್ಬರು ನೇತಾಜಿ ಸುಭಾಷ್‌ಚಂದ್ರ ಬೋಸ್. ಇನ್ನೊಬ್ಬರು ಹೈದರಾಬಾದಿನ ಆಬಿದ್ ಹಸನ್. ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಸೇರಿದ್ದ ಅಂದಿನ ಹೈದರಾಬಾದ್ ಸಂಸ್ಥಾನದವರು. ಜರ್ಮನಿಗೆ ಎಂಜಿನಿಯರಿಂಗ್ ಓದಲು ಹೋಗಿ, ಓದು ಬಿಟ್ಟು ನೇತಾಜಿಯ ಜೊತೆ ಸೇರಿದ ಯುವಕ. 'ಜೈ ಹಿಂದ್' ಘೋಷಣೆಯನ್ನು ಕೊಟ್ಟವರೆಂದು ಹೆಸರಾದವರು. ತಮ್ಮ ಹೆಸರಿಗೆ 'ಸಫ್ರಾನಿ' ಎಂದು ಸೇರಿಸಿಕೊಂಡು ಸ್ವತಂತ್ರ ಭಾರತದ ರಾಯಭಾರಿಯಾಗಿಯೂ ಸೇವೆ ಸಲ್ಲಿಸಿದರು. ಫೆಬ್ರವರಿಯಿಂದ ಮೇವರೆಗಿನ ಆ ಸಮುದ್ರಯಾನದಲ್ಲಿ ನೇತಾಜಿಗೆ ಇದ್ದ ಏಕೈಕ ಭಾರತೀಯ ಸಂಗಾತಿ ಅವರೇ. ಇಂದಿನ ಎಷ್ಟು ವಿದ್ಯಾರ್ಥಿಗಳಿಗೆ ಅವರ ಹೆಸರು ಗೊತ್ತು?

ಆದರೆ ಇದಕ್ಕೆ ಐದು ತಿಂಗಳ ಹಿಂದೆ, 1942ರ ನವೆಂಬರ್ 23ರಂದು, ಇದೇ ಇ-29 ಹಡಗು ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೊರಟಿದ್ದ 'ತಿಲಾವಾ' ಎಂಬ ಪ್ರಯಾಣಿಕ ಹಡಗನ್ನು ಟಾರ್ಪೆಡೊ ಹಾಕಿ ಮುಳುಗಿಸಿತ್ತು. ಅದರಲ್ಲಿದ್ದ 958 ಜನರಲ್ಲಿ 280 ಮಂದಿ ಸತ್ತರು. ಅವರಲ್ಲಿ ಬಹುಪಾಲು ಭಾರತೀಯರು. ಹೊಟ್ಟೆಪಾಡಿಗೆ, ಬಂಧುಗಳ ಬಳಿಗೆ ಹೊರಟಿದ್ದವರು, ಹೆಂಗಸರು, ಮಕ್ಕಳು. ಉಳಿದವರನ್ನು ಕಾಪಾಡಿದ್ದು ಮುಖ್ಯವಾಗಿ ಬ್ರಿಟಿಷ್ ಯುದ್ಧನೌಕೆ ಬರ್ಮಿಂಗ್‌ಹ್ಯಾಮ್. ನೇತಾಜಿಯ ಯಾನವನ್ನು ನೆನೆಯುವ ನಾವು ತಿಲಾವಾವನ್ನು ಮರೆತರೆ ಅದು ಇನ್ಸಾಫ್ ಆಗದು. ಉಕ್ಕಿನ ಹಡಗಿಗೆ ಧರ್ಮ ಅಧರ್ಮ ತಿಳಿಯದು, ತಿಳಿಯಬೇಕಾದವರು ಅದನ್ನು ನಡೆಸುವವರು.

'ರೋ' ಹಡಗುಗಳೂ ನಮ್ಮ ಕಡಲಿಗೆ ಬಂದವು. 1944ರ ಫೆಬ್ರವರಿ 11ರಂದು ವಿಶಾಖಪಟ್ಟಣದ ಬಳಿ ರೋ-110ನ್ನು ಮುಳುಗಿಸಿದ ಮೂರು ನೌಕೆಗಳಲ್ಲಿ ಭಾರತೀಯ ನೌಕಾದಳದ 'ಜಮುನಾ' ಒಂದು. ಉಳಿದೆರಡು ಆಸ್ಟ್ರೇಲಿಯದವು. ಮಧ್ಯಮ ಗಾತ್ರದ ಹಡಗುಗಳಲ್ಲಿ ಅತ್ಯುತ್ತಮವೆನಿಸಿದ್ದ ರೋ-35 ವರ್ಗದಲ್ಲಿ 18 ಹಡಗುಗಳಿದ್ದವು. ಯುದ್ಧ ಮುಗಿದಾಗ ಉಳಿದದ್ದು ರೋ-50 ಒಂದೇ. ಅದನ್ನೂ 1946ರ ಏಪ್ರಿಲ್ 1ರಂದು ಗೋಟೋ ದ್ವೀಪಗಳ ಬಳಿ, ಶರಣಾದ ಇತರ ಹಡಗುಗಳೊಂದಿಗೆ ಅಮೆರಿಕನ್ನರು ಮುಳುಗಿಸಿದರು. ನಾಲ್ಕು ದಶಕಗಳ ಶ್ರಮ ಸಮುದ್ರದ ತಳ ಸೇರಿತು.

ನಮಗೇನು?

ಹಡಗುಗಳು ಹೋದರೂ ವಿದ್ಯೆ ಮುಳುಗಲಿಲ್ಲ. ಕವಾಸಾಕಿ ಮತ್ತು ಮಿತ್ಸುಬಿಷಿ ಕಂಪನಿಗಳು ಯುದ್ಧದ ನಂತರ ದೇಶವನ್ನು ಮತ್ತೆ ಕಟ್ಟುವ ಕೆಲಸಕ್ಕೆ ನಿಂತವು. ಭಾರತವೂ ಇಂಥದೇ ಮೆಟ್ಟಿಲುಗಳನ್ನು ಹತ್ತಿದೆ. ನಮ್ಮ ಮೊದಲ ಜಲಾಂತರ್ಗಾಮಿ ಕಲ್ವರಿ 1967ರ ಡಿಸೆಂಬರ್ 8ರಂದು ಸೋವಿಯತ್ ಒಕ್ಕೂಟದಿಂದ ದೊರೆಯಿತು. ಜರ್ಮನ್ ವಿನ್ಯಾಸದ ಶಲ್ಕಿ 1992ರಲ್ಲಿ ಸಿದ್ಧವಾಯಿತು. ಅದು ಮುಂಬೈಯ ಮಜಗಾಂವ್ ಹಡಗುಕಟ್ಟೆಯಲ್ಲಿ, ಭಾರತದಲ್ಲೇ ನಿರ್ಮಾಣವಾದ ಮೊದಲನೆಯದು. ರಾಮೇಶ್ವರದ ದೋಣಿಯವರ ಮನೆಯಲ್ಲಿ ಹುಟ್ಟಿದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ 2006ರ ಫೆಬ್ರವರಿ 13ರಂದು ಸಿಂಧುರಕ್ಷಕ್ ಜಲಾಂತರ್ಗಾಮಿಯಲ್ಲಿ ಕಡಲಿನೊಳಗೆ ಸಂಚರಿಸಿದರು. ಹಾಗೆ ಮಾಡಿದ ಮೊದಲ ರಾಷ್ಟ್ರಪತಿ ಅವರು.

ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಗ್ಯಾರೇಜು, ವೆಲ್ಡಿಂಗ್ ಅಂಗಡಿ, ವೈರಿಂಗ್ ಕೆಲಸದ ಮನೆಗಳಿಂದ ಬರುತ್ತಾರೆ. ಯಂತ್ರ ಬಿಚ್ಚಿ ಜೋಡಿಸುವುದು ಅವರಿಗೆ ಬಾಲ್ಯದಿಂದಲೇ ಗೊತ್ತು. ಆದರೆ ಬಹಳ ಜನ ಹತ್ತನೇ ತರಗತಿಗೇ ಓದು ನಿಲ್ಲಿಸುತ್ತಾರೆ, ಗಣಿತ ಕಠಿಣವೆಂದು ಹೆದರುತ್ತಾರೆ. ಯೊಕೊಸುಕಾದ ಕೆಲಸಗಾರರು ಮಾಡಿದ್ದೂ ಬಿಚ್ಚಿ ಜೋಡಿಸುವ ಕೆಲಸವೇ. ಅಲ್ಲಿಗೆ ನಿಲ್ಲದೆ ನಕ್ಷೆ ಓದುವುದನ್ನು, ಲೆಕ್ಕ ಹಾಕುವುದನ್ನು, ನಡೆದದ್ದನ್ನು ಬರೆದಿಡುವುದನ್ನು ಕಲಿತರು. ರಿಪೇರಿಗೂ ವಿನ್ಯಾಸಕ್ಕೂ ನಡುವೆ ಇರುವುದು ಅಷ್ಟೇ ಅಂತರ. ಆ ಅಂತರವನ್ನು ದಾಟಿಸುವುದು ಶಾಲೆಯ ಕೆಲಸ, ಸಂಘದ ಕೆಲಸ, ತಂದೆ ತಾಯಿಯರ ಕೆಲಸ. ಇಲ್ಮಿನ ಜೊತೆ ಇನ್ಸಾಫ್ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ತಿಲಾವಾ ಸಾಕ್ಷಿ. ಎರಡನ್ನೂ ಒಟ್ಟಿಗೆ ಕಲಿಸುವ ಹೊಣೆ ನಮ್ಮದು.