ಬೆಂಕಿ ಮೊದಲು, ಕಲ್ಲು ಆಮೇಲೆ

‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ಕೇಳಿಯೇ ನಾವೆಲ್ಲ ಬೆಳೆದವರು. ಒಡವೆ ರಿಪೇರಿಗೆ ಕೊಟ್ಟ ಹೆಂಗಸರು ಅಕ್ಕಸಾಲಿಗರ ಜಗಲಿಯ ಮೇಲೆ ಗಂಟೆಗಟ್ಟಲೆ ಕೂತು ಕಾಯುತ್ತಿದ್ದುದು ಈ ಗಾದೆಯ ಭಯಕ್ಕೇ. ಕಣ್ಣೆಲ್ಲ ತಕ್ಕಡಿಯ ಮೇಲೆ. ಗುಲಗಂಜಿ ತೂಕ ಚಿನ್ನ ಹೋದೀತೆಂಬ ಚಿಂತೆಯಲ್ಲಿ, ಅದೇ ಒಡವೆಯ ಕಲ್ಲು ಎದುರಿಗೇ ಬೆಂದುಹೋದರೂ ತಿಳಿಯುತ್ತಿರಲಿಲ್ಲ. ನನ್ನ ದೊಡ್ಡಮ್ಮನ ಮುತ್ತಿನ ಬುಗುಡಿಗೆ ಆದದ್ದು ಇದೇ. ಮುರಿದ ತಿರುಪು ಬೆಸೆಯುವಾಗ ಮುತ್ತು ಬಿಚ್ಚಿಡುವ ತಾಳ್ಮೆ ಆ ಕೆಲಸದವನಿಗೆ ಇರಲಿಲ್ಲ. ತೂಕ ಸರಿಯಾಗಿಯೇ ಬಂತು. ಮುತ್ತುಗಳು ಮಾತ್ರ ಹೊಳಪು ಕಳೆದುಕೊಂಡು ಕಂದಿಹೋಗಿದ್ದವು. ದೊಡ್ಡಮ್ಮ ಅದನ್ನು ಯಾರದೋ ದೃಷ್ಟಿ ತಾಗಿತೆಂದೇ ಕೊನೆಯವರೆಗೂ ನಂಬಿದ್ದರು.

ಕಳವಿನ ಭಯ ಬಹಳ ಹಳೆಯದು. ನಮ್ಮ ಮೈಸೂರಿನಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಅಕ್ಷಶಾಲೆ’ ಎಂಬ ಸರಕಾರಿ ಚಿನ್ನದ ಕಾರ್ಯಾಗಾರದ ವರ್ಣನೆ ಬರುತ್ತದೆ. ಅದಕ್ಕೆ ಬಾಗಿಲು ಒಂದೇ. ಸಂಬಂಧವಿಲ್ಲದವರು ಒಳಗೆ ಕಾಲಿಡುವಂತಿಲ್ಲ. ಕೆಲಸಗಾರರ ಬಟ್ಟೆ, ಕೈಗಳನ್ನು ಹೋಗುವಾಗಲೂ ಬರುವಾಗಲೂ ಶೋಧಿಸಬೇಕು. ಈ ಭಾಗ ಓದಿದವರಿಗೆ ಗಾದೆಯ ಮೂಲ ಇಲ್ಲೇ ಇರಬೇಕೆನ್ನಿಸೀತು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿನ ಇನ್ನೊಂದು ಮಾತು. ಗಿರಾಕಿ ಕೊಟ್ಟ ವಸ್ತು ಯಾವ ಬಣ್ಣ, ಯಾವ ಅಳತೆಯಲ್ಲಿತ್ತೋ ಅದೇ ರೀತಿಯಲ್ಲಿ ಹಿಂತಿರುಗಿಸಬೇಕು. ಎಷ್ಟು ಕಾಲ ಕಳೆದರೂ ಸರಿ, ತಾನಾಗಿ ಸವೆದದ್ದಕ್ಕೆ ಮಾತ್ರ ವಿನಾಯಿತಿ. ಹೇಳಿದ್ದೊಂದು ಮಾಡಿದ್ದೊಂದು ಆದರೆ ಕೆಲಸಗಾರನಿಗೆ ಕೂಲಿಯೂ ಇಲ್ಲ, ಮೇಲೆ ಅದರ ಎರಡರಷ್ಟು ದಂಡ. ಅಂದರೆ ಕದಿಯದಿದ್ದರೆ ಸಾಲದು, ಕೆಡಿಸಲೂ ಕೂಡದು.

ಹೀಗೆ ಕೂಲಿಯೂ ಹೋಗಿ ದಂಡವೂ ಬಿದ್ದ ಪ್ರಸಂಗವೊಂದನ್ನು ಫ್ರಾನ್ಸಿನ ರತ್ನವ್ಯಾಪಾರಿ ತಾವೆರ್ನಿಯೆ ಬರೆದಿಟ್ಟಿದ್ದಾನೆ. ಅದು ಮೊಗಲರ ಕಾಲದ ಮಾತು. ಬಾದಶಹರ ದೊಡ್ಡ ವಜ್ರವೊಂದನ್ನು ಹೋರ್ತೆನ್ಸಿಯೊ ಬೋರ್ಜಿಯೊ ಎಂಬ ವೆನಿಸ್ಸಿನವನಿಗೆ ಸಾಣೆ ಹಿಡಿಯಲು ಕೊಟ್ಟರಂತೆ. ಒರಟಾಗಿದ್ದಾಗ 907 ರತ್ತಿ ಇದ್ದ ಕಲ್ಲು ಅವನ ಕೈಯಿಂದ ಹೊರಬಂದಾಗ 319½ ರತ್ತಿ! ಮೂರನೆಯ ಎರಡು ಭಾಗ ಸಾಣೆಯ ಪುಡಿಯಾಗಿ ಹೋಗಿತ್ತು. ಬಾದಶಹರು ಕೂಲಿ ಕೊಡುವ ಬದಲು 10,000 ರೂಪಾಯಿ ದಂಡ ಹಾಕಿದರು. ಅವನ ಹತ್ತಿರ ಇನ್ನೂ ಇದ್ದಿದ್ದರೆ ಇನ್ನೂ ಕಿತ್ತುಕೊಳ್ಳುತ್ತಿದ್ದರು ಎನ್ನುತ್ತಾನೆ ತಾವೆರ್ನಿಯೆ. ಕಸುಬು ಬಲ್ಲವನಾಗಿದ್ದರೆ ಕಲ್ಲಿನಿಂದ ದೊಡ್ಡ ತುಂಡನ್ನೇ ಬೇರೆಯಾಗಿ ತೆಗೆಯಬಹುದಿತ್ತು ಎಂದೂ ಸೇರಿಸುತ್ತಾನೆ.

1665ರ ನವೆಂಬರ್ 2ರಂದು ಇದೇ ತಾವೆರ್ನಿಯೆಗೆ ಔರಂಗಜೇಬನ ರತ್ನಗಳನ್ನು ತೋರಿಸಿದರು. ಮೆರುಗೆಣ್ಣೆ ಹಚ್ಚಿದ ಎರಡು ದೊಡ್ಡ ಮರದ ತಟ್ಟೆಗಳು, ಮೇಲೆ ಜರಿಯ ಮಖಮಲ್ಲಿನ ಹೊದಿಕೆ. ಹೊದಿಕೆ ತೆಗೆದು ಮೂರು ಬಾರಿ ಎಣಿಸಿದರು. ಮೂವರು ಬರಹಗಾರರು ಪಟ್ಟಿ ಮಾಡಿದರು. ನಾವು ಅಂಗಡಿಯಲ್ಲಿ ‘ಬೆಂಡೋಲೆ ಒಂದು ಜೊತೆ’ ಎಂದು ಒಂದೇ ಸಾಲಿನ ಚೀಟಿ ಪಡೆದು ಬರುತ್ತೇವಲ್ಲ, ಆಗೆಲ್ಲ ನನಗೆ ಆ ಮೂವರು ಬರಹಗಾರರ ನೆನಪಾಗುತ್ತದೆ.

ಪಟ್ಟಿ ಕಳವನ್ನು ತಡೆದೀತು, ಬೆಂಕಿಯನ್ನಲ್ಲ. ಬೆಂಕಿಗೆ ನಮ್ಮವರು ಕಂಡುಕೊಂಡ ಉಪಾಯವೇ ಕುಂದಣ. ಅದರಲ್ಲಿ ಕೆಲಸದ ಸರದಿಯೇ ಕಲ್ಲಿಗೆ ಕಾವಲು. ಮೊದಲು ಚಿನ್ನದ ಗೂಡನ್ನು ಬೆಸೆದು ಮುಗಿಸಬೇಕು. ಮೀನಾ ಬಣ್ಣವಿದ್ದರೆ ಅದನ್ನೂ ಆಗಲೇ ಕುಲುಮೆಯಲ್ಲಿ ಸುಟ್ಟುಕೊಳ್ಳಬೇಕು. ಉರಿಯ ಕೆಲಸವೆಲ್ಲ ತೀರಿದ ಮೇಲೆ ಗೂಡಿಗೆ ಅರಗು ತುಂಬಿ, ಹೊಳೆಯುವ ತಗಡಿಟ್ಟು, ಆಮೇಲೆ ಕಲ್ಲನ್ನು ಕೂರಿಸುವುದು. ಅದರ ಸುತ್ತ ಅಪ್ಪಟ ಚಿನ್ನದ ತೆಳು ಪಟ್ಟಿಯನ್ನು ಉಕ್ಕಿನ ಮೊನೆಯಿಂದ ಒತ್ತುತ್ತಾ ಹೋಗುತ್ತಾರೆ. ಅಪ್ಪಟ ಚಿನ್ನ ಎಷ್ಟು ಮೆದುವೆಂದರೆ ಪದರದ ಮೇಲೆ ಪದರ ಒತ್ತಿದರೆ ಬೆಂಕಿಯಿಲ್ಲದೆ ತನಗೆ ತಾನೇ ಅಂಟಿಕೊಳ್ಳುತ್ತದೆ. ತಾಮ್ರ ಬೆರೆತ ಚಿನ್ನಕ್ಕೆ ಈ ಗುಣ ಬಾರದು. ಪಚ್ಚೆಯಂಥ ಬಿರುಕಿನ ಕಲ್ಲೂ ಮುತ್ತಿನಂಥ ಸೂಕ್ಷ್ಮ ವಸ್ತುವೂ ಆ ಕಾಲದ ಒಡವೆಗಳಲ್ಲಿ ಧಾರಾಳವಾಗಿ ಕೂತದ್ದು ಈ ತಣ್ಣನೆಯ ಕೆಲಸದ ಬಲದಿಂದ.

ಅಂಥ ಒಡವೆಗೆ ಆಪತ್ತು ಬರುವುದು ತಯಾರಿಯಲ್ಲಲ್ಲ, ರಿಪೇರಿಯಲ್ಲಿ. ಸರದಿ ತಿರುವುಮುರುವಾಗುತ್ತದೆ, ಕಲ್ಲು ಕೂತಿರುವಾಗಲೇ ಉರಿ ಬರುತ್ತದೆ. ಅರಗು ಬಿಸಿನೀರಿಗೇ ಮೆತ್ತಗಾಗುವಂಥದ್ದು, ಊದುಕೊಳವೆಯ ಜ್ವಾಲೆಗೆ ಎಲ್ಲಿ ನಿಂತೀತು? ನೀರು ಹಿಂಬದಿಗೆ ಇಳಿದರೆ ತಗಡು ಕಪ್ಪಾಗುತ್ತದೆ, ಒಳ್ಳೆಯ ಕೆಂಪು ಕೂಡ ಸತ್ತಂತೆ ಕಾಣುತ್ತದೆ. ಮುತ್ತು, ಹವಳಗಳ ಮೈಯೆಲ್ಲ ಸುಣ್ಣದ ಅಂಶ. ಬೆಸುಗೆಯ ಕಪ್ಪು ತೆಗೆಯಲು ಅದ್ದುವ ಆಮ್ಲವಿರಲಿ, ಹುಣಸೆ ನೀರೂ ಅವಕ್ಕೆ ಆಗದು. ಪಚ್ಚೆಯ ಬಿರುಕುಗಳಿಗೆ ತುಂಬಿದ ಎಣ್ಣೆ ಕಾವಿಗೆ ಹೊರಟುಹೋದರೆ ಕಾಣದಿದ್ದ ಗೆರೆಗಳೆಲ್ಲ ಎದ್ದು ಕಾಣುತ್ತವೆ.

ವಜ್ರಕ್ಕೇನೂ ಆಗದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ವಜ್ರವೂ ಉರಿದುಹೋಗುತ್ತದೆಂದು ಲವಾಜಿಯೆ 1772ರಲ್ಲೇ ಪ್ರಯೋಗ ಮಾಡಿ ತೋರಿಸಿದ. ಅದಕ್ಕೇ ಅನುಭವಸ್ಥರು ವಜ್ರದ ಉಂಗುರ ಬೆಸೆಯುವ ಮುನ್ನ ಗಾಳಿ ತಾಗದಂತೆ ಕಲ್ಲಿಗೆ ಬಿಳಿಗಾರದ ಜಾತಿಯ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಲೇಪಿಸುತ್ತಾರೆ. ವಿಚಿತ್ರವೆಂದರೆ ಅದೇ ಲೇಪ ಮಾಣಿಕ್ಯಕ್ಕೂ ನೀಲಕ್ಕೂ ಶತ್ರು. ಕಾದಾಗ ಅದು ಅವುಗಳ ಮೈಯನ್ನೇ ಕೊರೆದುಬಿಡುತ್ತದೆ. ಒಂದೇ ಉಂಗುರದಲ್ಲಿ ನಡುವೆ ಕೆಂಪು, ಸುತ್ತ ವಜ್ರ ಇದ್ದರೆ ಕಲ್ಲು ಬಿಚ್ಚಿಡುವುದೇ ಕ್ಷೇಮ. ಕಾದ ಒಡವೆಯನ್ನು ಚುಂಯ್ ಎಂದು ನೀರಿಗೆ ಅದ್ದುವ ಅವಸರದವರ ಕೈಗೆ ಯಾವ ಕಲ್ಲನ್ನೂ ಕೊಡಬಾರದು. ಈಗ ದೊಡ್ಡ ಊರುಗಳಲ್ಲಿ ಲೇಸರ್ ಬೆಸುಗೆಯ ಯಂತ್ರವಿದೆ. ಕಾವು ಸೂಜಿಮೊನೆಯಷ್ಟು ಜಾಗದಲ್ಲೇ ನಿಲ್ಲುವುದರಿಂದ ಎಷ್ಟೋ ಒಡವೆಗಳನ್ನು ಕಲ್ಲು ಬಿಚ್ಚದೆಯೇ ಬೆಸೆಯಬಹುದು.

ಬೋರ್ಜಿಯೊ ತನ್ನ ತಪ್ಪಿಗೆ ದಂಡ ತೆತ್ತ. ಇಂದಿನ ಅಕ್ಕಸಾಲಿಗರು ಬೇರೆಯವರ ತಪ್ಪಿಗೂ ತೆರಬೇಕಾಗುತ್ತದೆ. 2004ರ ಸುಮಾರಿಗೆ ಸೀಸದ ಗಾಜು ತುಂಬಿದ ಮಾಣಿಕ್ಯಗಳು ಮಾರುಕಟ್ಟೆಗೆ ಬಂದವು. ನೋಡಲು ಕೆಂಪಗೆ, ತಿಳಿಯಾಗಿ ಇರುತ್ತವೆ. ಆದರೆ ಒಳಗಿನ ಬಿರುಕುಗಳಲ್ಲಿರುವುದು ಗಾಜು. ನಿಂಬೆರಸವೂ ಆ ಗಾಜನ್ನು ತಿನ್ನುತ್ತದೆ, ಬೆಸುಗೆಯ ಉರಿಯಂತೂ ಕೇಳುವುದೇ ಬೇಡ. ಮಾರುವಾಗ ಅಂಗಡಿಯವನು ಹೇಳಿರುವುದಿಲ್ಲ, ಕೊಂಡವಳಿಗೆ ಗೊತ್ತಿರುವುದಿಲ್ಲ, ಬೆಸೆಯಲು ಕೂತ ಆಚಾರ್ರ ಕೈಯಲ್ಲಿ ಕಲ್ಲು ಮಂಕಾಗುತ್ತದೆ. ಆಗ ಎಲ್ಲರ ಬಾಯಿಗೂ ಬರುವುದು ಅದೇ ಹಳೆಯ ಗಾದೆ: ಒಳ್ಳೆಯ ಕಲ್ಲು ಕಿತ್ತುಕೊಂಡು ಗಾಜು ಕೂರಿಸಿದ! ನಮ್ಮೂರಿನ ಹಿರಿಯ ಆಚಾರ್ರೊಬ್ಬರು ಈಗ ಕಲ್ಲಿನ ಒಡವೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲು ಭೂತಗನ್ನಡಿಯನ್ನು ನಮ್ಮ ಕಡೆಗೇ ಚಾಚುತ್ತಾರೆ. “ನೀವೇ ಒಂದ್ಸಲ ನೋಡ್ಬಿಡಿ ತಾಯಿ, ಆಮೇಲೆ ಕೊಡಿ” ಎನ್ನುತ್ತಾರೆ. ಪ್ರತಿ ಕಲ್ಲನ್ನೂ ಎಣಿಸಿ, ಬಿರುಕಿದ್ದರೆ ತೋರಿಸಿ, ಚೀಟಿಯಲ್ಲಿ ಬರೆದ ಮೇಲೆಯೇ ಅವರು ಚಿಮಟ ಹಿಡಿಯುವುದು.